ಹನ್ನೊಂದು ಸಲ ‘ನಿಲ್ಸು’

ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಶಿರಸಿಯಲ್ಲಿ ನಾನು ಮೂವತ್ತು ವರ್ಷ ಕರಡು ತಿದ್ದಿದ ಮುದ್ರಣಾಲಯದ ಹಿಂದಿನ ಕೋಣೆ. ಹಾಜರಿದ್ದವರು ನಾನು, ನನ್ನ ಅಣ್ಣನ ಮಗಳು, ಮತ್ತು ಆಗಾಗ ಬಾಗಿಲಲ್ಲಿ ತಲೆ ಹಾಕಿ ಹೋಗುತ್ತಿದ್ದ ಮಾಲೀಕರು. ಅಣ್ಣನ ಮಗಳ ಹಾಡುಗಳು ಕವಿತೆಯ ಪುಸ್ತಕವಾಗಿ ಬರುವುದಿತ್ತು. ಕೊನೆಯ ಕರಡು ಓದಿ ಸಂಜೆ ನಾಲ್ಕರೊಳಗೆ ಅಚ್ಚಿಗೆ ಕೊಡಬೇಕು. ಸೋಮವಾರದಿಂದ ಯಂತ್ರಕ್ಕೆ ಬೇರೆ ಕೆಲಸ ಒಪ್ಪಿಕೊಂಡಾಗಿತ್ತು.

ಅವಳಿಗೂ ಸೋಮವಾರವೇ ಹುಬ್ಬಳ್ಳಿಯ ಡಾಕ್ಟರರ ಬಳಿ ಹೋಗುವುದಿತ್ತು. ಇಪ್ಪತ್ತು ವರ್ಷ ಪಂಕ್ ರಾಕ್ ಹಾಡಿದ ಗಂಟಲಿನಲ್ಲಿ ಗಂಟುಗಳಾಗಿ, ಶಸ್ತ್ರಚಿಕಿತ್ಸೆ ಮಾಡಿ ತೆಗೆದಿದ್ದರು. ಮೂರು ವಾರ ಮಾತು ಬೇಡ, ಪಿಸುಮಾತೂ ಬೇಡ. ಮುಂದೆ ಹಾಡಬಹುದೇ ಎಂದು ಕೇಳಿದ್ದಕ್ಕೆ ಡಾಕ್ಟರರು ನೋಡೋಣ ಎಂದಿದ್ದರಂತೆ. ಅದಕ್ಕೇ ಈ ಪುಸ್ತಕ. ದನಿ ಬಾರದಿದ್ದರೆ ಅವಳ ಹಾಡುಗಳು ಉಳಿಯುವುದು ಇದರಲ್ಲಿ ಮಾತ್ರ. ಅವಳು ಮಾತಿಗೆ ಬದಲು ಶಾಲೆಯ ಮಕ್ಕಳ ಸ್ಲೇಟೊಂದನ್ನು ಕೊರಳಿಗೆ ನೇತುಹಾಕಿಕೊಂಡಿದ್ದಳು.

ನಮ್ಮಲ್ಲಿ ಕೊನೆಯ ಕರಡನ್ನು ಇಬ್ಬರು ಓದುವ ಪದ್ಧತಿ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಾಯಲ್ಲಿ ಹೇಳುತ್ತ. ಇನ್ನೊಬ್ಬರು ಪೆನ್ಸಿಲ್ ಹಿಡಿದು ಕರಡಿನ ಮೇಲೆ ಹಿಂಬಾಲಿಸಬೇಕು. ರಾಗ ಕೂಡದು, ಭಾವ ಕೂಡದು. ಭಾವ ಬಂತೆಂದರೆ ಕಣ್ಣು ಜಾರುತ್ತದೆ. ಬರೆದವಳಿಗೆ ಬಾಯಿ ಇಲ್ಲದ ಕಾರಣ ಓದುವ ಪಾಳಿ ನನ್ನದಾಯಿತು. ನಾನು ಓದಿದೆ. ‘ನನ್ನ ಕೂದಲು ನನ್ನದು ಅಲ್ಪವಿರಾಮ ನಿನ್ನ ಬಾಚಣಿಗೆ ನಿನ್ನದು ಉದ್ಗಾರ ಚಿಹ್ನೆ.’

ಅವಳು ಸದ್ದಿಲ್ಲದೆ ನಕ್ಕಳು, ಭುಜ ಕುಣಿಯಿತು. ಸ್ಲೇಟಿನಲ್ಲಿ ಬರೆದಳು: ‘ಅತ್ತೆ, ಪಂಚಾಂಗ ಓದ್ದಂಗೆ ಕೇಳ್ತು.’

‘ನಗಡ. ಗಂಟಲಿಗೆ ಆಗ್ತಿಲ್ಲೆ. ಕರಡು ನೋಡು’ ಎಂದೆ.

ಅವಳ ಹಾಡುಗಳ ಬಗ್ಗೆ ನನಗೆ ಮೊದಲಿಂದಲೂ ಒಂದು ಮೆಚ್ಚುಗೆ ಇತ್ತು. ಎರಡು ನಿಮಿಷದೊಳಗೆ ಮುಗಿಯುತ್ತವೆ. ಸಿದ್ದಾಪುರದ ಒಂದು ಸಭಾಭವನದಲ್ಲಿ ಅವಳ ಕಾರ್ಯಕ್ರಮಕ್ಕೆ ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿದ್ದೆ. ಗಿಟಾರ್, ಡ್ರಮ್, ಅರ್ಧ ತಲೆ ಬೋಳಿಸಿಕೊಂಡ ಇವಳು. ಎದುರಿನ ಸಾಲಿನವರು ಒಬ್ಬೊಬ್ಬರಾಗಿ ಎದ್ದುಹೋದರು. ಎರಡನೆಯ ಹಾಡಿಗೆ ನಾನು ಹತ್ತಿ ತೆಗೆದೆ, ಪದಗಳು ಕೇಳಲಿ ಎಂದು. ಕಾರ್ಯಕ್ರಮ ಮುಗಿದ ಮೇಲೆ ಅವಳು ಕೇಳಿದ್ದು, ‘ಹೆಂಗಾತು?’ ನಾನು ಹೇಳಿದ್ದು, ‘ಸಮಯಕ್ಕೆ ಸರಿಯಾಗಿ ಶುರು ಮಾಡಿದ್ದು ಚೊಲೋ ಆತು.’ ಅದಕ್ಕಿಂತ ಹೆಚ್ಚು ಹೇಳಬೇಕಿತ್ತು ಎಂದು ಬಸ್ಸಿನಲ್ಲಿ ಅನ್ನಿಸಿತು.

ಹನ್ನೊಂದೂವರೆಗೆ ಬಸ್ಸಿನ ಹಾಡು ಬಂತು. ಯಲ್ಲಾಪುರದಲ್ಲಿ ಅಣ್ಣನ ಮನೆಯೆದುರಿನ ನಿಲ್ದಾಣದಲ್ಲಿ ಹೈಸ್ಕೂಲು ಹುಡುಗಿಯರು ಕೈ ಅಡ್ಡ ಮಾಡಿದರೂ ಬಸ್ಸು ನಿಲ್ಲದೆ ಹೋಗುತ್ತಿದ್ದ ಕಾಲದ ಹಾಡು. ಅದು ಮುಗಿಯುವುದು ‘ನಿಲ್ಸು’ ಎಂಬ ಒಂದೇ ಪದದ ಸಾಲಿನಿಂದ. ನಾನು ಅದನ್ನು ಓದಿ ಪುಟ ತಿರುಗಿಸಿದೆ.

ಅವಳು ಸ್ಲೇಟನ್ನು ಮೇಜಿಗೆ ಕುಟ್ಟಿದಳು. ‘ಉಳಿದ ಹತ್ತು ಎಲ್ಲಿಗೆ ಹೋತು?’

ಮೂಲಪ್ರತಿಯಾದ ಅವಳ ನೋಟುಪುಸ್ತಕವನ್ನು ಅವಳ ಕಡೆ ತಿರುಗಿಸಿದೆ. ಒಂದರ ಕೆಳಗೊಂದು ಹನ್ನೊಂದು ‘ನಿಲ್ಸು’. ಹತ್ತರ ಮೇಲೆ ನನ್ನದೇ ಕೆಂಪು ಗೀಟು. ಕರಡು ತಿದ್ದುವವರಿಗೆ ಅದು ರೂಢಿ. ಒಂದೇ ಸಾಲು ಎರಡನೆಯ ಸಲ ಕಂಡರೆ ಅಕ್ಷರ ಜೋಡಿಸಿದವರ ಕೈತಪ್ಪು ಎಂದು ತಿಳಿದು ಹೊಡೆದುಬಿಡುತ್ತೇವೆ. ಇಲ್ಲಿ ಅವಳ ಅಕ್ಷರದಲ್ಲೇ ಇದ್ದರೂ ನನ್ನ ಕೈ ಕೇಳಲಿಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಗ ಮೊದಲೆರಡು ಕರಡುಗಳನ್ನು ಒಬ್ಬಳೇ ಕೂತು, ಬಾಯಿ ಬಿಡದೆ, ಬೇಗ ಬೇಗ ಮುಗಿಸಿದ್ದೆ.

‘ಆನೇ ತೆಗ್ದೆ’ ಎಂದೆ. ‘ಒಂದೇ ಮಾತು ಅಲ್ದಾ? ಒಂದ್ಸಲ ಹೇಳಿದ್ರೆ ಸಾಲ್ತಿಲ್ಯಾ?’

ಅವಳು ಸ್ಲೇಟು ಒರೆಸಿದಳು. ಸಿಟ್ಟಿನಲ್ಲಿ ಬಳಪ ಎರಡು ತುಂಡಾಯಿತು. ಸಣ್ಣ ತುಂಡಿನಲ್ಲಿ ಬರೆದಳು: ‘ಗಟ್ಟಿ ಓದು. ಹನ್ನೊಂದೂ.’

ಓದಿದೆ. ಅವಳು ಮೇಜಿನ ಮೇಲೆ ಅಂಗೈಯಿಂದ ಲಯ ಹಾಕಿದಳು, ನನ್ನ ಉದ್ಗಾರ ಚಿಹ್ನೆಗಳಿಗೆ ಜಾಗವಿಲ್ಲದಷ್ಟು ಬಿರುಸಾಗಿ. ನಾಲ್ಕನೆಯದಕ್ಕೆ ಚಿಹ್ನೆ ಹೇಳುವುದನ್ನು ಬಿಟ್ಟೆ. ಏಳನೆಯದಕ್ಕೆ ನನ್ನ ದನಿ ನನ್ನ ಹಿಡಿತದಲ್ಲಿರಲಿಲ್ಲ. ಹನ್ನೊಂದನೆಯದಕ್ಕೆ ಮಾಲೀಕರು ಓಡಿ ಬಂದರು. ಅವರು ಬನವಾಸಿ ಕಡೆಯವರು.

‘ಯಾಕ್ರೀ ಅಕ್ಕಾರ! ಯಾರಿಗೆ ಬೈಯಾಕ್ಹತ್ತೀರಿ? ಹೊರಗ ಲಗ್ನಪತ್ರಿಕಿ ಕೊಡಾಕ ಬಂದವರು ಹೆದರಿ ನಿಂತಾರ್ರಿ!’

‘ಬಸ್ಸಿಗೆ’ ಎಂದೆ. ಏದುಸಿರು ಬರುತ್ತಿತ್ತು.

ಅವಳು ಸ್ಲೇಟು ತೋರಿಸಿದಳು. ‘ನಿಲ್ದಾಣದಿಂದ ತಿರುವಿನವರೆಗೆ ಹನ್ನೊಂದು ಕೂಗು. ಆಮೇಲೆ ಬಸ್ಸು ಕಾಣ್ತಿಲ್ಲೆ. ದಿನಾ ಲೆಕ್ಕ ಹಾಕಿದ್ದೆ.’ ಒರೆಸಿ ಮತ್ತೆ ಬರೆದಳು. ‘ಯನ್ನ ದನಿ ಬರ್ದೇ ಇದ್ರೂ ಪುಸ್ತಕದಲ್ಲಿ ಹನ್ನೊಂದೂ ಇರ್ಲೇಬೇಕು.’

ಆ ತಿರುವು ನನಗೆ ಗೊತ್ತು. ಅಣ್ಣನ ಮನೆಯ ಕಿಟಕಿಯಿಂದ ಕಾಣುತ್ತದೆ. ನಾನು ರಸ್ತೆಯನ್ನೇ ಗಿಡ್ಡ ಮಾಡಿದ್ದೆ. ತಪ್ಪಾಯಿತು ಎಂದು ಹೇಳಿ, ನೋಟುಪುಸ್ತಕವನ್ನು ಕೊನೆಯವರೆಗೆ ತಿರುವಿ ಕೆಂಪು ಗೀಟುಗಳನ್ನು ಎಣಿಸಿದೆ. ಒಂಬತ್ತು ಹಾಡುಗಳಲ್ಲಿ ಮೂವತ್ತಾರು ಸಾಲು ಹೋಗಿದ್ದವು.

ಮಾಲೀಕರು ತಲೆ ಅಲ್ಲಾಡಿಸಿದರು. ‘ಅಷ್ಟೂ ಹಾಕಿದ್ರ ಎರಡು ಪುಟ ಹೆಚ್ಚಾಗ್ತಾವ್ರಿ. ಅರವತ್ನಾಲ್ಕು ಪುಟಕ್ಕ ಹದಿನಾರು ಪುಟದ ನಾಕು ಫಾರಂ ಸರಿ ಕುಂತಾವು. ಮ್ಯಾಲೊಂದು ಪುಟ ಹೋದ್ರ ಇನ್ನೊಂದು ಫಾರಂ ಬೇಕು. ಕಾಗದ ಇಲ್ರೀ, ಇವತ್ತ ಸಿಗೂದೂ ಇಲ್ಲ. ಅಷ್ಟೂ ಸಾಲು ಬೇಕೇ ಬೇಕೇನ್ರಿ?’

ಅವಳು ನನ್ನ ಮುಖ ನೋಡಿದಳು. ಕಣ್ಣು ತುಂಬಿತ್ತು.

ಪುಸ್ತಕದಲ್ಲಿ ಸರಿಯಾಗಿ ಎರಡು ಪುಟ ನನ್ನದಿತ್ತು, ಮುನ್ನುಡಿ. ಅದರಲ್ಲಿ ಅವಳ ಜೀವನವನ್ನು ಕ್ರಮವಾಗಿ ಬರೆದಿದ್ದೆ. ಯಲ್ಲಾಪುರದಲ್ಲಿ ಶಾಲೆ, ಧಾರವಾಡದಲ್ಲಿ ಕಾಲೇಜು, ಪುಣೆಯಲ್ಲಿ ಇಬ್ಬರು ಗೆಳತಿಯರ ಜೊತೆ ಕಟ್ಟಿದ ತಂಡ, ಗ್ಯಾರೇಜಿನಲ್ಲಿ ಅಭ್ಯಾಸ, ಊರೂರು ಸುತ್ತಿದ್ದು, ತಂಡ ಒಡೆದದ್ದು, ಮತ್ತೆ ಕೂಡಿದ್ದು. ನಾಲ್ಕು ಸಲ ತಿದ್ದಿದ ಬರಹ. ಒಂದು ಮಾತೂ ಎರಡು ಸಲ ಇರಲಿಲ್ಲ.

‘ಮುನ್ನುಡಿ ತೆಗೀರಿ’ ಎಂದು ಮಾಲೀಕರಿಗೆ ಹೇಳಿದೆ.

‘ಅಕ್ಕಾರ, ನಿಮ್ಮ ಹೆಸರು ಬರೂದು ಅದರಾಗ ಅಷ್ಟರಿ.’

‘ತೆಗೀರಿ.’

ಅವಳು ತಡೆಯಲು ಕೈ ಎತ್ತಿದಳು. ಆಮೇಲೆ ಕೈ ಇಳಿಸಿ ಬರೆದಳು: ‘ಚೊಲೋ ಬರದ್ದೆ ಅತ್ತೆ. ಆದ್ರೆ ಸತ್ತವ್ರ ಬಗ್ಗೆ ಬರದಂಗೆ ಇದ್ದು.’

‘ಹಂಗಾದ್ರೆ ಈಗ ಬೇಡ, ಯನ್ನ ಹತ್ರವೇ ಇಟ್ಕತ್ತೆ. ನೀನು ಊಟ ಮಾಡು’ ಎಂದೆ.

ಒಂದು ಗಂಟೆಗೆ ಊಟ. ಒಂದೂವರೆಯಿಂದ ಮೂರರವರೆಗೆ ಮೂವತ್ತಾರು ಸಾಲುಗಳನ್ನು ಅವುಗಳ ಜಾಗಕ್ಕೆ ಸೇರಿಸಿದೆವು. ನಾನು ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿದೆ, ಅವಳು ಪೆನ್ಸಿಲಿನಿಂದ ಗುರುತು ಹಾಕಿದಳು. ಬಸ್ಸಿನ ಹಾಡನ್ನು ಎರಡು ಸಲ ಓದಿಸಿದಳು. ಮಾಲೀಕರು ಮುಂಚಿತವಾಗಿ ಬಾಗಿಲು ಮುಚ್ಚಿಕೊಂಡರು.

ಪುಟಗಳು ಹೊಸದಾಗಿ ಬಂದ ಮೇಲೆ ಪರಿವಿಡಿ ಉಳಿದಿತ್ತು. ‘ಮುನ್ನುಡಿ’ ಎಂಬ ಸಾಲನ್ನು ಹೊಡೆದೆ, ಎಲ್ಲ ಪುಟಸಂಖ್ಯೆಗಳನ್ನು ತಿದ್ದಿದೆ, ಅವಳಿಂದ ತಾಳೆ ನೋಡಿಸಿದೆ. ಕೆಳಗೆ ‘ಅಚ್ಚಿಗೆ ಒಪ್ಪಿಗೆ’ ಎಂದು ಬರೆದು ಮೊದಲು ಅವಳಿಂದ ಸಹಿ ಹಾಕಿಸಿ, ಆಮೇಲೆ ನಾನೂ ಹಾಕಿ, ಹಾಳೆಗಳನ್ನು ಮಾಲೀಕರ ಕೈಗೆ ಕೊಟ್ಟೆ. ಗಂಟೆ ಮೂರೂ ಐವತ್ತು.