ದ್ರೌಪದಿ ಅಕ್ಕೋರ ನೀತಿ ತಾಸು

ರಾಯಬಾಗದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ದ್ರೌಪದಿ ಅಕ್ಕೋರು ಹೊಲಿಗೆ ಕಲಿಸುತ್ತಿದ್ದರು. ಓದಿದ್ದು ಮೆಟ್ರಿಕ್, ಮೇಲೊಂದು ಹೊಲಿಗೆಯ ಸರ್ಟಿಫಿಕೇಟು. ಹೊಲಿಗೆಯ ತಾಸುಗಳಷ್ಟೇ ಪೂರ್ತಿ ಕೆಲಸಕ್ಕೆ ಸಾಲದೆಂದು ಹಿಂದಿನ ಹೆಡ್‌ಮಾಸ್ತರರು ನೀತಿಯ ತಾಸನ್ನೂ ಅವರಿಗೇ ಕೊಟ್ಟಿದ್ದರು. ಗುಂಡಿ ಹಚ್ಚುತ್ತ ಅವರು ಮಾತಾಡುತ್ತಿದ್ದರು, ನಾವೂ ಮಾತಾಡುತ್ತಿದ್ದೆವು. ಅದೇ ನೀತಿ ಪಾಠ.

೧೯೮೭ರಲ್ಲಿ ಹೊಸ ಹೆಡ್‌ಮಾಸ್ತರರಾಗಿ ಭಾವುಸಾಹೇಬರು ಬಂದರು. ತತ್ತ್ವಶಾಸ್ತ್ರದಲ್ಲಿ ಎಂ.ಎ.

"ಸದ್ಗುಣ ಅಂದ್ರ ಏನಂತ ಗ್ರೀಕರು ಎಷ್ಟು ತಲಿ ಕೆಡಿಸ್ಕೊಂಡಾರ, ಅಕ್ಕೋರ. ಅವರನ್ನ ಓದದೇ ನೀತಿ ಹೆಂಗ ಕಲಿಸ್ತೀರಿ?"

"ಗ್ರೀಕರು ಅಂಗಿ ಅಳತಿ ಕೊಟ್ರ ಹೊಲಿದು ಕೊಡ್ತೀನ್ರಿ. ಅವರ ಓದು ನನಗೆಲ್ಲಿ ಬರಬೇಕು?"

ಭಾವುಸಾಹೇಬರು ನಗಲಿಲ್ಲ. ಶನಿವಾರ ತಾವೇ ಕೂತು ಪಾಠ ಕೇಳುವುದಾಗಿ ಹೇಳಿದರು. ಪಾಠ ಸರಿಬರದಿದ್ದರೆ ತಾಸು ಹೋಗುತ್ತಿತ್ತು. ತಾಸು ಹೋದರೆ ಅಕ್ಕೋರ ಕೆಲಸ ಅರ್ಧಕ್ಕಿಳಿಯುತ್ತಿತ್ತು. ಗಂಡ ತೀರಿದ ಮೇಲೆ ಆ ಮನೆಯಲ್ಲಿ ದುಡಿಯುವವರು ಅವರೊಬ್ಬರೇ.

ನಾಲ್ಕು ದಿನ ಲೈಬ್ರರಿಯ ಪುಸ್ತಕವನ್ನು ಮಶೀನಿನ ಮೇಲೆ ತೆರೆದಿಟ್ಟು ಬಾಯಿಪಾಠ ಮಾಡಿದರು. ಕಾಲು ಪೆಡಲು ತುಳಿಯುತ್ತಿತ್ತು, ತುಟಿ ಗ್ರೀಕರನ್ನು ಮಣಮಣಿಸುತ್ತಿತ್ತು.

ಶನಿವಾರ ಭಾವುಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತರು. ಅಕ್ಕೋರು ಬೋರ್ಡಿನ ಮೇಲೆ ವಿವೇಕ, ಧೈರ್ಯ, ಸಂಯಮ, ನ್ಯಾಯ ಎಂದು ಬರೆದು ಒಂದೇ ಉಸಿರಿಗೆ ಒಪ್ಪಿಸತೊಡಗಿದರು. "ನ್ಯಾಯವೆಂದರೆ ಪ್ರತಿಯೊಬ್ಬರಿಗೂ ಸಲ್ಲತಕ್ಕದ್ದನ್ನು ಸಲ್ಲಿಸುವುದು" ಎಂದಾಗ ನನ್ನ ಪಕ್ಕದ ಅಕ್ಕುತಾಯಿ ಎದ್ದು ನಿಂತಳು.

"ಹಂಗಾದ್ರ ಮೊನ್ನೆ ಕತ್ತರಿ ಮುಕ್ಕಾತಂತ ನನ್ನ ಹೊರಗ ನಿಲ್ಲಿಸಿದ್ರಲ್ರೀ ಅಕ್ಕೋರ? ನಾ ಅದನ್ನ ಮುಟ್ಟಿದ್ದಿಲ್ರಿ."

ಅಕ್ಕೋರು ಒಮ್ಮೆ ಭಾವುಸಾಹೇಬರ ಕಡೆ ನೋಡಿದರು. ಸೀಮೆಸುಣ್ಣ ಕೆಳಗಿಟ್ಟರು.

"ಅದು ನನ್ನ ಕೈಯಾಗಿಂದ ಬಿದ್ದು ಮುಕ್ಕಾಗಿತ್ತವ್ವಾ. ನಿನ್ನ ನಿಲ್ಲಿಸಿದ ಮ್ಯಾಲ ನೆನಪಾತು. ನೆನಪಾದ್ರೂ ಸುಮ್ಮನ ಕುಂತೆ. ನಿಮ್ಮ ಮುಂದ ಸಣ್ಣಾಕಿ ಆಗ್ತೀನಂತ ಅಂಜಿದೆ. ತಪ್ಪಾತು."

ಅಕ್ಕುತಾಯಿಗೇ ಗಾಬರಿಯಾಯಿತು. "ಇರ್ಲಿ ಬಿಡ್ರಿ" ಎಂದು ಕೂತಳು.

ಹಿಂದಿನಿಂದ ಭಾವುಸಾಹೇಬರು ಕೇಳಿದರು: "ಅಕ್ಕೋರ್ನ ಹಿಂಗ ಎದ್ದು ಕೇಳಾಕ ಯಾರು ಕಲಿಸ್ಯಾರವಾ ನಿನಗ?"

"ಅಕ್ಕೋರ ಕಲಿಸ್ಯಾರ್ರಿ. ಹೊಲಿಗಿ ಸೊಟ್ಟ ಕಂಡ್ರ, ನಂದಿದ್ರೂ ಹೇಳ್ರಿ ಅಂದಾರ್ರಿ."

ಭಾವುಸಾಹೇಬರು ಬೋರ್ಡಿನ ಕಡೆಗೊಮ್ಮೆ ನೋಡಿದರು. ಆಮೇಲೆ ಎದ್ದರು.

"ಗ್ರೀಕರ ಬಗ್ಗೆ ಹೇಳಿದ್ದರಾಗ ಅರ್ಧ ತಪ್ಪೈತಿ, ಅಕ್ಕೋರ. ಅದನ್ನ ನಾ ಹೇಳಿಕೊಡ್ತೀನಿ. ತಾಸು ನಿಮ್ಮದ ಇರ್ಲಿ."

"ಅರ್ಧ ಸರಿ ಐತೇನ್ರಿ?" ಎಂದರು ಅಕ್ಕೋರು, ನಿಜವಾಗಿಯೂ ಆಶ್ಚರ್ಯಪಟ್ಟು.