ತಳ್ಳದೆ ಹೊರಟ ಕಾರು

ನಾನು ಮೂರನೇ ಕ್ಲಾಸಿನಲ್ಲಿದ್ದ ಆ ದಿನಗಳಲ್ಲಿ ಕಣಕಟ್ಟೆಯ ನಮ್ಮ ಬೀದಿಯಿಂದ ಕಾರು ಹೊರಡುವುದೆಂದರೆ ಹಬ್ಬ. ಅಪ್ಪನಿಗಿಂತ ವಯಸ್ಸಾದ, ನಮ್ಮ ಮನೆಯ ಕಪ್ಪು ಕಾರು ಅದು. ಅದರ ಡೈನಮೋ ಬ್ಯಾಟರಿಗೆ ಸರಿಯಾಗಿ ಚಾರ್ಜ್ ಕೊಡುತ್ತಿರಲಿಲ್ಲ. ಹಾರನ್ ಒತ್ತಿದರೆ ಲೈಟು ಮಂಕಾಗುತ್ತಿತ್ತು. ಇಂಜಿನ್ ಹತ್ತಬೇಕಾದರೆ ಅಕ್ಕಪಕ್ಕದವರೆಲ್ಲ ಪಂಚೆ ಎತ್ತಿಕಟ್ಟಿ ತಳ್ಳಬೇಕು. ಅವರ ಹಿಂದೆ ನಾವು ಮಕ್ಕಳು, ಮೂಗಿಗೆ ಪೆಟ್ರೋಲ್ ವಾಸನೆ, ಬಾಯಲ್ಲಿ ಕೊಬ್ಬರಿ ಬೆಲ್ಲ.

ಅಪ್ಪನ ತಂಗಿ ಸುಮತ್ತೆ ಡ್ರೈವಿಂಗ್ ಕಲಿತದ್ದು ಅದರಲ್ಲೇ. ಮಾದಿಹಳ್ಳಿಯ ಸಂಬಂಧ ಗೊತ್ತಾದಾಗ, ಗಂಡನ ಮನೆಗೆ ಹೋದರೆ ಇದರಲ್ಲೇ ಎಂದು ಹಟ ಹಿಡಿದಳು.

"ಮದ್ವೆ ಹೆಣ್ಣನ್ನ ಕೂರ್ಸ್ಕೊಂಡು ಗಾಡಿ ತಳ್ಳುಸ್ತೀಯೇನ್ಲಾ? ಬಾಡಿಗೆ ಕಾರಿಗೆ ಹೇಳು" ಎಂದಳು ಅಜ್ಜಿ ಅಪ್ಪನಿಗೆ.

ಅಪ್ಪ ಮಾರನೇ ದಿನವೇ ಅರಸೀಕೆರೆಯಿಂದ ಡೈನಮೋ ಬದಲಿಗೆ ಹಾಕುವ ಆಲ್ಟರ್ನೇಟರ್ ತಂದರು, ಬ್ಯಾಟರಿಯನ್ನೂ ಚಾರ್ಜ್ ಮಾಡಿಸಿದರು. ಡೈನಮೋ ಬಿಚ್ಚಿ, ಹೊಸದನ್ನು ಕೂರಿಸಿ ಬೆಲ್ಟ್ ಬಿಗಿಯಲು ಎರಡು ಭಾನುವಾರ ಹಿಡಿಯಿತು. ನಾನೂ ಅತ್ತೆಯೂ ಅಲ್ಲಿಂದ ಕದಲಲಿಲ್ಲ. ಇನ್ನು ಬ್ಯಾಟರಿಯ ವೈರುಗಳನ್ನು ಅದಲುಬದಲು ಮಾಡಬೇಕು, ಹಳೇ ಥರ ಕೊಟ್ಟರೆ ಹೊಸದು ಸುಟ್ಟೇ ಹೋಗುತ್ತದೆ ಎಂದು ಅಪ್ಪ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕಾಫಿಗೆ ಎದ್ದರು.

ಅಷ್ಟರಲ್ಲಿ ಅಜ್ಜಿ ಬಂದಳು. ಹೊಸ ಸಾಮಾನಿಗೆ ಪೂಜೆ ಬೇಡವೇ? ಒದ್ದೆ ಬಟ್ಟೆಯಲ್ಲಿ ಎಲ್ಲವನ್ನೂ ಚೊಕ್ಕವಾಗಿ ಒರೆಸಿ, ಬ್ಯಾಟರಿಗೂ ಮೂರೆಳೆ ವಿಭೂತಿ ಬಳಿದಳು!

ವಾಪಸು ಬಂದ ಅಪ್ಪ, ಸೀಮೆಸುಣ್ಣದ ಗುರುತು ಅಳಿಸಿಹೋಗಿದ್ದರಿಂದ, ಕೈ ಅಭ್ಯಾಸದಲ್ಲಿ ಹಳೇ ಕಡೆಗೇ ವೈರು ಒಯ್ದರು.

"ತಡಿಯಣ್ಣಾ!" ಅತ್ತೆ ಅವರ ಕೈಯನ್ನೇ ಹಿಡಿದಳು. "ಬ್ಯಾಟರೀಲಿ ದಪ್ಪ ಕಂಬ ಪ್ಲಸ್ಸು ಅಂತ ನೀನೇ ಹೇಳ್ಕೊಟ್ಟಿದ್ದಲ್ವಾ? ಅದು ಈ ಕಡೆ ಐತೆ ನೋಡು."

ಅಪ್ಪ ವೈರುಗಳನ್ನು ಅದಲುಬದಲು ಮಾಡಿ ಬಿಗಿದರು. ಅಜ್ಜಿ ಮಾತ್ರ, "ವಿಭೂತಿ ಹಚ್ಚಿದ್ದಕ್ಕೇ ಉಳ್ಕೊಂತು ಕಣೋ" ಎಂದಳು.

ಬೀಗದ ಕೈ ತಿರುಗಿಸಿದ್ದು ಅತ್ತೆ. ಒಂದೇ ಸಲಕ್ಕೆ ಇಂಜಿನ್ ಹತ್ತಿಕೊಂಡಿತು! ಹಾರನ್ ಒತ್ತಿದಳು, ಲೈಟು ಮಂಕಾಗಲಿಲ್ಲ. ನಾನು ಕುಣಿದ ಕುಣಿತಕ್ಕೆ ಚಪ್ಪಲಿ ಕಿತ್ತುಹೋಯಿತು.

ಅತ್ತೆಯನ್ನು ಕಳಿಸುವ ಬೆಳಿಗ್ಗೆ ಬೀದಿಯವರು ರೂಢಿಯಂತೆ ಪಂಚೆ ಎತ್ತಿಕಟ್ಟಿ ನಿಂತಿದ್ದರು. ಅವರು ತಳ್ಳುವಾಗ ಕಿಟಕಿಯ ಪಕ್ಕ ಓಡುತ್ತಾ ಅತ್ತೆಯ ಕೈಗೆ ಕೊಬ್ಬರಿ ಬೆಲ್ಲ ಕೊಡಬೇಕೆಂದು ನಾನು ಹಿಂದೆ ನಿಂತಿದ್ದೆ. ಅಪ್ಪ ಬೀಗದ ಕೈ ತಿರುಗಿಸಿದರು. ಕಾರು ಹೊರಟೇಹೋಯಿತು. ಬೆಲ್ಲ ನನ್ನ ಕೈಯಲ್ಲೇ ಕರಗಿತು.

ಇವತ್ತಿಗೂ ಆ ಕಾರು ಒಂದೇ ಸಲಕ್ಕೆ ಹೊರಡುತ್ತದೆ. ಬೀದಿಯಲ್ಲಿ ಯಾರೂ ಈಚೆ ಬರುವುದಿಲ್ಲ. ಅದು ಕೆಡಲಿ ಎಂದು ನಾನು ಬಯಸುವುದಿಲ್ಲ. ಆದರೆ ಆ ಬೆಳಿಗ್ಗೆ ಒಂದು ಸಲ ತಳ್ಳಿಸಿಕೊಂಡಿದ್ದರೆ, ಅತ್ತೆಗೆ ಹೋಗಿ ಬಾ ಅನ್ನುವಷ್ಟು ಹೊತ್ತಾದರೂ ಸಿಗುತ್ತಿತ್ತು.