ದಸ್ತಗೀರ ಮಾಸ್ತರರ ಒಂಬತ್ತು ಬೆರಳು

ನಮಗೆ ಹತ್ತು ಬೆರಳಿನಿಂದ ಟೈಪಿಂಗ್ ಕಲಿಸಿದ ದಸ್ತಗೀರ ಮಾಸ್ತರರಿಗೆ ಇದ್ದದ್ದು ಒಂಬತ್ತೇ ಬೆರಳು. ಎಡಗೈಯ ಕಿರುಬೆರಳು ಹುಡುಗರಿದ್ದಾಗಲೇ ಹತ್ತಿ ಬಿಡಿಸುವ ಜಿನ್ನಿನ ಯಂತ್ರಕ್ಕೆ ಸಿಕ್ಕಿ ಹೋಗಿತ್ತು. ಅದು ಒತ್ತಬೇಕಾದ ಅಕ್ಷರಗಳನ್ನೆಲ್ಲ ಪಕ್ಕದ ಉಂಗುರಬೆರಳು ವಹಿಸಿಕೊಂಡಿತ್ತು. ಅದರ ಓಟ ನೋಡುತ್ತ ನಾವು ಪಾಠ ಮರೆತು ಕುಳಿತರೆ, "ನನ್ನ ಕೈ ಏನ ನೋಡತೀರಿ, ಗ್ವಾಡಿ ಮ್ಯಾಲಿನ ಕೀಲಿಗಳ ನಕ್ಷೆ ನೋಡ್ರಿ. ನಾ ತಪ್ಪ ಕಲತಾಂವ, ನೀವರ ಸರಿ ಕಲೀರಿ" ಎಂದು ಗದರುತ್ತಿದ್ದರು.

ಬೈಲಹೊಂಗಲದ ಪೇಟೆಯಲ್ಲಿ, ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಶಾಲೆ ಇತ್ತು. ಬೆಳಿಗ್ಗೆ ಪಾಠ, ಮಧ್ಯಾಹ್ನ ಧಾರವಾಡದ ವಿಶ್ವವಿದ್ಯಾಲಯಕ್ಕೆ ಹೋಗುವ ಪ್ರಬಂಧಗಳನ್ನು ಹೊಡೆಯುವ ಕೆಲಸ. ಸಂಜೆಯ ಆಜಾನ್ ಕೇಳಿತೆಂದರೆ ಯಂತ್ರಕ್ಕೆ ಬಟ್ಟೆ ಮುಚ್ಚುತ್ತಿದ್ದರು. ದೀಪದ ಬೆಳಕಿನಲ್ಲಿ ಕಾರ್ಬನ್ ಪ್ರತಿಯ ತಪ್ಪು ಕಾಣುವುದಿಲ್ಲ ಎಂಬುದು ಅವರ ವಾದ. ಯಾರು ಕಾಲಿಗೆ ಬಿದ್ದರೂ ಆ ನೇಮ ಸಡಿಲವಾಗಲಿಲ್ಲ.

ಅವರು ಮೆಟ್ರಿಕ್ ದಾಟಿದವರಲ್ಲ, ವಿಶ್ವವಿದ್ಯಾಲಯವಿರುವ ಗುಡ್ಡವನ್ನು ಹತ್ತಿ ನೋಡಿದವರೂ ಅಲ್ಲ. ಆದರೆ ಅಲ್ಲಿನ ಒಂದೊಂದು ವಿಭಾಗವೂ ಅವರಿಗೆ ಅದರ ಕಿರಿಕಿರಿಯ ಮೂಲಕ ಗೊತ್ತಿತ್ತು. ಸಸ್ಯಶಾಸ್ತ್ರವೆಂದರೆ ಲ್ಯಾಟಿನ್ ಹೆಸರು ಹೆಸರಿಗೂ ಅಡಿಗೆರೆ ಎಳೆಯುವುದು, ಸಂಖ್ಯಾಶಾಸ್ತ್ರವೆಂದರೆ ಮುಗಿಯದ ಕೋಷ್ಟಕ, ಅಪರಾಧಶಾಸ್ತ್ರ ಹೊಡೆದ ದಿನ ಊಟ ಸೇರುತ್ತಿರಲಿಲ್ಲ, ಜಾನಪದವನ್ನು ಮಾತ್ರ ಗುನುಗಿಕೊಂಡು ಹೊಡೆಯಬಹುದು. ಡಿಗ್ರಿ ಮುಗಿಸಿದ ಹುಡುಗರು ಮುಂದೇನು ಓದಬೇಕೆಂದು ಕೇಳಲು ಅವರ ಹತ್ತಿರವೇ ಬರುತ್ತಿದ್ದರು. ಉಗರಗೋಳದ ಒಬ್ಬ ಹುಡುಗ ಬಂದಾಗ ನಾನು ಅಲ್ಲೇ ಇದ್ದೆ. "ಸಣ್ಣಾಂವಿದ್ದಾಗಿಂದ ನಿಮ್ಮೂರ ಗುಡ್ಡದ ಕಲ್ಲಿನ ಮ್ಯಾಲ ಜಾರಿ ಚೊಣ್ಣಾ ಹರಕೊಂಡಿ ಇಲ್ಲೋ? ಭೂಗರ್ಭಶಾಸ್ತ್ರದ ಅರ್ಧಾ ಅಭ್ಯಾಸ ಆಗೇತಿ. ಇನ್ನರ್ಧಕ್ಕ ಅರ್ಜಿ ಹಾಕು" ಅಂದರು. ಹುಡುಗ ನಗುತ್ತ ಹೋದ, ಅದನ್ನೇ ಓದಿದ ಕೂಡ.

ನನ್ನ ಸರದಿ ಬಂದದ್ದು ತೊಂಬತ್ತರ ದಶಕದ ಕೊನೆಗೆ. ಕಿತ್ತೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಬೈಲಹೊಂಗಲದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ, ತಾತ್ಕಾಲಿಕ ನೌಕರಿ. ಎಂ.ಫಿಲ್. ಪ್ರಬಂಧ ಸಲ್ಲಿಸಿದರೆ ಬರುವ ವರ್ಷವೂ ಆ ಜಾಗ ನನ್ನದು, ಇಲ್ಲವಾದರೆ ಬೇರೆಯವರು ಕಾದು ನಿಂತಿದ್ದರು. ಎರಡು ಸಲ ಅವಧಿ ಮುಂದೆ ಹಾಕಿಸಿಕೊಂಡಿದ್ದೆ. ಮೂರನೆಯದಕ್ಕೆ ದಾರಿ ಇರಲಿಲ್ಲ. ಗುರುವಾರ ಸಂಜೆ ಐದು ಗಂಟೆ ಕಡೆಯ ಗಡುವು.

ನನ್ನ ವಿಷಯ ಆ ವಿಶ್ವವಿದ್ಯಾಲಯವೇ. ನಮ್ಮ ಕಡೆಯ ತಾಲ್ಲೂಕುಗಳ ಹೆಣ್ಣುಮಕ್ಕಳು ಅಲ್ಲಿ ಏನೇನು ಓದಿದರು ಎಂಬುದು. ಹಿಂದೆ ಅಲ್ಲಿ ಓದಿ ಬಂದವರನ್ನು ಹುಡುಕಿ, ಮಾತಾಡಿಸಿ ಕಷ್ಟಪಟ್ಟು ಬರೆದಿದ್ದೆ. ಉಳಿದದ್ದು ಎರಡನೆಯ ಅಧ್ಯಾಯ ಮಾತ್ರ. ಈ ಭಾಗಕ್ಕೊಂದು ವಿಶ್ವವಿದ್ಯಾಲಯ ಬೇಕೆಂಬ ಕೂಗು, ಮುಂಬೈಯಲ್ಲಿ ಅದರ ಹುಟ್ಟು, ಧಾರವಾಡಕ್ಕೆ ಬಂದದ್ದು, ಒಂದೊಂದಾಗಿ ತೆರೆದ ವಿಭಾಗಗಳು. ಎಲ್ಲರಿಗೂ ಗೊತ್ತಿರುವ ಕಥೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಹಳೆಯ ಪ್ರಬಂಧವೊಂದರಿಂದ ಹೆಚ್ಚುಕಡಿಮೆ ಹಾಗೇ ಇಳಿಸಿಕೊಂಡೆ. ಮುಚ್ಚಿಡುವುದೇನು, ಕದ್ದೆ.

ಶನಿವಾರ ಮಧ್ಯಾಹ್ನ ಮಾಸ್ತರರು ಅದನ್ನು ಹೊಡೆಯುತ್ತಿದ್ದರು. ಮೇಲೊಂದು ಹಾಳೆ, ನಡುನಡುವೆ ಕಾರ್ಬನ್, ಕೆಳಗೆ ನಾಲ್ಕು. ಆರನೆಯ ಪುಟದ ನಡುವೆ ಸದ್ದು ನಿಂತಿತು.

"ಈ ಅಧ್ಯಾಯ ನಾ ಹಿಂದ ಎರಡು ಸಲ ಹೊಡದೇನಿ, ತಂಗಿ" ಅಂದರು.

ನಾನು ಮುಂದಿನ ಹಾಳೆಯನ್ನು ಅವರ ಕಡೆ ಸರಿಸಿದೆ. "ಯಾರು ಬರದರೂ ಇತಿಹಾಸ ಒಂದ ಅಲ್ಲೇನ್ರಿ ಮಾಸ್ತರ?"

"ಇತಿಹಾಸ ಒಂದ ಇರಲಿ. ತಪ್ಪೂ ಒಂದ ಹೆಂಗಾತು?"

ಅವರು ಬೆರಳಿಟ್ಟ ಸಾಲು ಇದು: ಆರಂಭದ ವರ್ಷಗಳಲ್ಲಿ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯ ಒಬ್ಬ ಹೆಣ್ಣುಮಗಳೂ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ.

"ಮೂರೂ ಮಂದಿ ಒಂದ ತಾಟಿನ್ಯಾಗ ಉಂಡೀರಿ. ರಾಮದುರ್ಗದ ಅಂಬಾಬಾಯಾರು ಅದ ಕಾಲಕ್ಕ ಅಲ್ಲಿ ಗಣಿತದಾಗ ಎಂ.ಎ. ಮಾಡ್ಯಾರ. ನನಗ ಸಾಲ್ಯಾಗ ಕಲಿಸಿದವರು. ಇನ್ನೂ ಅದಾರ, ಹೋಗಿ ಕೇಳು."

ಗುರುವಾರಕ್ಕೆ ಐದು ದಿನ. ಆ ಒಂದು ಸಾಲು ಬಿದ್ದರೆ ಅದರ ಮೇಲೆ ಕಟ್ಟಿದ ಮುಂದಿನ ಅಧ್ಯಾಯವೂ ಬೀಳುತ್ತದೆ. ನನಗೆ ತಲೆ ಕೆಟ್ಟಿತು. "ನೀವು ಟೈಪ್ ಮಾಡವರು ಮಾಸ್ತರ, ನನ್ನ ಗೈಡ್ ಅಲ್ಲ. ಸುಮ್ಮನ ಹೊಡೀರಿ" ಅಂದೆ. ಆ ಮಾತು ನೆನಪಾದರೆ ಇವತ್ತಿಗೂ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಅವರು ಸಿಟ್ಟಾಗಲಿಲ್ಲ. ಎಡಗೈ ಎತ್ತಿ ಹಿಡಿದರು. "ಈ ಬೆರಳು ಹೋದಾಗ ನಮ್ಮಪ್ಪ ಸಾಲಿ ಬಿಡಸಾಕ ಬಂದಿದ್ದ. ಕೈ ಹೋತು, ಇನ್ನ ಇಂವ ಏನ ಬರದಾನು ಅಂತ. ಬಾಯಾರು ನನ್ನ ಎರಡೂ ಕೈ ಹಿಡದು ಎಣಿಸಿದ್ರು. 'ಒಂಬತ್ತು ಅದಾವಲ್ಲೋ, ಸಾಕು, ಕೂಡು' ಅಂದ್ರು. ಅಂಥಾವರು ಇರಲೇ ಇಲ್ಲ ಅಂತ ನಾನ ಎರಡು ಸಲ ಹೊಡದೇನಿ. ಹೊಡಿಯೂದು ನನ್ನ ಕೆಲಸ, ಕೇಳೂದಲ್ಲ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಮೂರನೇ ಸಲ ಕೈ ಏಳವಲ್ಲದು."

ನಾನು ಹಾಳೆಗಳನ್ನು ಕಿತ್ತುಕೊಂಡು ಮೆಟ್ಟಿಲಿಳಿದೆ. ಬಸ್ ನಿಲ್ದಾಣದ ಎದುರು ಹೊಸದಾಗಿ ಕಂಪ್ಯೂಟರ್ ಅಂಗಡಿ ಬಂದಿತ್ತು. ಬುಧವಾರದೊಳಗೆ ಕೊಡುತ್ತೇವೆ ಎಂದರು. ಹಾಳೆಗಳನ್ನು ಕೌಂಟರಿನ ಮೇಲೆ ಇಟ್ಟವಳು ಮತ್ತೆ ತೆಗೆದುಕೊಂಡೆ. ಅದಕ್ಕೆ ಕಾರಣ ಒಳ್ಳೆಯತನವೇನಲ್ಲ, ಸಿಟ್ಟು. ಮಾಸ್ತರರದೇ ತಪ್ಪೆಂದು ಅವರ ಮುಖಕ್ಕೆ ಹೇಳಬೇಕಿತ್ತು.

ರವಿವಾರ ಬೆಳಿಗ್ಗೆ ಸವದತ್ತಿಗೆ ಹೋಗಿ, ಅಲ್ಲಿಂದ ರಾಮದುರ್ಗದ ಬಸ್ಸು ಹಿಡಿದೆ. ಅಂಬಾಬಾಯಿಯವರು ಪಡಸಾಲೆಯಲ್ಲಿ ಓಣಿಯ ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದರು. ನಾನು ಬಂದ ಕಾರಣ ಹೇಳಿ ಆ ಸಾಲನ್ನು ಓದಿದೆ. ಅವರು ಗಹಗಹಿಸಿ ನಕ್ಕರು.

"ಯಾರೂ ಬಂದಿದ್ದಿಲ್ಲಂತ? ಹಂಗಾರ ಆ ವರ್ಷ ಪರೀಕ್ಷಾಕ್ಕ ಕೂತಾಕಿ ಯಾರವಾ, ನನ್ನ ದೆವ್ವೇನು?"

ಗೋಡೆಯ ಮೇಲಿನ ಫೋಟೋ ಇಳಿಸಿ ಸೆರಗಿನಿಂದ ಒರೆಸಿ ಕೊಟ್ಟರು. ಕೋಟು ಹಾಕಿದ ಗಂಡಸರ ಸಾಲಿನ ತುದಿಯಲ್ಲಿ ಒಂಬತ್ತು ವಾರಿ ಸೀರೆಯ ಒಬ್ಬ ಹುಡುಗಿ. "ಸವದತ್ತಿಯಿಂದ ಇನ್ನೊಬ್ಬಾಕಿ ಇದ್ಲು, ಸಂಸ್ಕೃತಕ್ಕ. ಆಕಿ ಫೋಟೋಕ್ಕ ಬರಲಿಲ್ಲ, ನಾಚಿಕೆ. ಅದಕ್ಕ ಆಕಿನ್ನೂ ಇಲ್ಲ ಮಾಡಿದ್ರಿ ನೋಡು" ಅಂದರು. ಆಮೇಲೆ ನಗು ನಿಲ್ಲಿಸಿ, "ಬರಕೋ" ಅಂದರು. ಮೂರು ತಾಸು ಬರೆದುಕೊಂಡೆ. ಹೊರಡುವಾಗ ಮಾಸ್ತರರ ಹೆಸರು ಹೇಳಿದೆ. ಅವರಿಗೆ ತಟ್ಟನೆ ನೆನಪಾಗಲಿಲ್ಲ. ಬೆರಳಿನ ವಿಷಯ ಹೇಳಿದ ಮೇಲೆ, "ಹೌದ, ಆ ಹುಡುಗ ಟೈಪಿಂಗ ಕಲಿಸತಾನ?" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡರು.

ಸೋಮವಾರ ಮಹಡಿ ಹತ್ತಿ, ರಾಮದುರ್ಗದಲ್ಲಿ ಬರೆದುಕೊಂಡದ್ದನ್ನು ಮಾಸ್ತರರ ಮುಂದಿಟ್ಟೆ. ಅವರು ಯಂತ್ರಕ್ಕೆ ಐದು ಹಾಳೆ ಏರಿಸಿ ಕುಳಿತರು. ನಾನು ಬೆಂಚಿನ ಮೇಲೆ ಆ ಎರಡೂ ಅಧ್ಯಾಯ ಹೊಸದಾಗಿ ಬರೆಯುವುದು, ಶಾಯಿ ಆರುವ ಮೊದಲೇ ಅವರು ಎಳೆದುಕೊಳ್ಳುವುದು. ಮೂರು ದಿನ ಬೆಳಗಿನ ಪಾಠಗಳನ್ನೂ ನಿಲ್ಲಿಸಿದರು. ಬರೆದದ್ದು ಪೊಳ್ಳೆನಿಸಿದರೆ ಹಾಳೆ ವಾಪಸ್ಸು ತಳ್ಳಿ, "ಇದು ನಿಂದಲ್ಲ, ಮತ್ತೊಮ್ಮೆ ಬರಿ" ಅನ್ನುತ್ತಿದ್ದರು. ಬುಧವಾರ ಸಂಜೆ ಆಜಾನ್ ಆಯಿತು, ಇನ್ನೂ ಮೂರು ಪುಟ ಉಳಿದಿದ್ದವು. ನಾನು ಕೈಮುಗಿದೆ. ಅವರು ಬಟ್ಟೆ ಮುಚ್ಚಿಯೇ ಬಿಟ್ಟರು! "ನಾಳೆ ನಸುಕಿನ್ಯಾಗ ಬಾ, ಬೆಳಕ ಹರದ ಕೂಡಲೇ ಹೊಡೀತೇನಿ." ಆ ದಿನ ಕಿತ್ತೂರಿಗೆ ಹೋಗದೆ ಬೈಲಹೊಂಗಲದ ಗೆಳತಿಯ ಮನೆಯಲ್ಲಿ ಉಳಿದೆ. ಮಾಸ್ತರರನ್ನು ಮನಸ್ಸಿನಲ್ಲೇ ಬೈದಷ್ಟು ಬೈದೆ. ಬೆಳಿಗ್ಗೆ ಒಂದೂ ತಪ್ಪಿಲ್ಲದೆ ಮೂರೂ ಪುಟ ಕೈಗೆ ಬಂದವು. ಧಾರವಾಡದಲ್ಲಿ ಪ್ರತಿಗಳಿಗೆ ಹೊಲಿಗೆ ಹಾಕಿಸಿ, ಗುಡ್ಡ ಹತ್ತಿ ಕಚೇರಿಗೆ ಓಡಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಗುಮಾಸ್ತರು ಪ್ರಬಂಧ ತೆಗೆದುಕೊಂಡು ಮುದ್ರೆಯ ಶಿಕ್ಕೆ ಹೊಡೆದಾಗ ಅಲ್ಲೇ ಅತ್ತುಬಿಟ್ಟೆ.

ನನ್ನ ಜಾಗ ಉಳಿಯಿತು, ಮುಂದೆ ಕಾಯಂ ಕೂಡ ಆಯಿತು. ಮಾಸ್ತರರ ಶಾಲೆ ಮಾತ್ರ ಉಳಿಯಲಿಲ್ಲ. ಎರಡು ಸಾವಿರದ ನಂತರ ಪ್ರಬಂಧಗಳೆಲ್ಲ ಕಂಪ್ಯೂಟರಿಗೆ ಹೋದವು. ಒಂದು ದಿನ ಮಾಸ್ತರರು ಕಾಲೇಜಿನ ಬಾಗಿಲಲ್ಲಿ ನಿಂತಿದ್ದರು, ಬಿಳಿ ಟೊಪ್ಪಿಗೆ, ಇಸ್ತ್ರಿಯ ಅಂಗಿ. "ಗುಡ್ಡದ ಮ್ಯಾಲ ಒಮ್ಮೆ ಕರಕೊಂಡ ಹೋಗು. ಒಂದು ಕೆಲಸ ಉಳದೈತಿ" ಅಂದರು.

ಗ್ರಂಥಾಲಯದಲ್ಲಿ ಪ್ರಬಂಧಗಳ ಕಪಾಟುಗಳ ನಡುವೆ ಅವರು ತಾವು ಹೊಡೆದವುಗಳನ್ನು ಒಂದೊಂದಾಗಿ ಗುರುತು ಹಿಡಿದರು. ಕೊನೆಗೆ ನಾನು ಅಧ್ಯಾಯ ಕದ್ದಿದ್ದ ಹಳೆಯ ಪ್ರಬಂಧ ಸಿಕ್ಕಿತು. ಆ ಪುಟ ತೆರೆದು, ಅಲ್ಲಿದ್ದ ಸಿಬ್ಬಂದಿಯವನಿಗೆ ತೋರಿಸಿದರು.

"ಇದರಾಗ ಒಂದು ಸಾಲು ತಪ್ಪೈತ್ರಿ. ಹೊಡದಾಂವ ನಾನ. ತಿದ್ದಾಕ ಬರತೈತೇನ್ರಿ?"

"ಒಳಗ ಬಂದದ್ದು ಬಂತ್ರಿ, ಅಜ್ಜಾರ. ಪೆನ್ನು ಹಚ್ಚಂಗಿಲ್ಲ."

"ಹಂಗಾರ ಈಕಿ ಬರದದ್ದನ್ನ ಇದರ ಬಾಜೂಕ ಇಡ್ರಿ. ಅದನ್ನ ಓದಿದವರು ಇದನ್ನೂ ಓದಲಿ."

"ನಂಬರ ಪ್ರಕಾರ ಇಡಬೇಕ್ರಿ. ಮನಸಿಗೆ ಬಂದಂಗ ಇಡಾಕ ಬರೂದಿಲ್ಲ."

ಅವನು ಆ ಕಡೆ ತಿರುಗಿದ ಕೂಡಲೇ ಮಾಸ್ತರರು ಎರಡು ಕಪಾಟು ದಾಟಿ ಹೋಗಿ ನನ್ನ ಪ್ರಬಂಧ ತಂದರು. ಹಳೆಯದರ ಪಕ್ಕಕ್ಕೆ ತುರುಕಿ, ನನ್ನ ಕಡೆ ನೋಡಿ, "ನಡಿ ಇನ್ನ" ಅಂದರು.

ನಾನು ಅವರನ್ನು ನೋಡಿದ್ದು ಅದೇ ಕೊನೆ. ಮರುವರ್ಷ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ಎಂಟು ದಿನ ತಡವಾಗಿ, ಮಣ್ಣಿಗೆ ಹೋಗಲಾಗಲಿಲ್ಲ.

ಪರೀಕ್ಷೆಯ ಕೆಲಸಕ್ಕೆಂದು ವರ್ಷಕ್ಕೊಮ್ಮೆಯಾದರೂ ಗುಡ್ಡ ಹತ್ತುತ್ತೇನೆ. ಹತ್ತಿದಾಗಲೆಲ್ಲ ಗ್ರಂಥಾಲಯಕ್ಕೆ ಹೋಗುತ್ತೇನೆ. ನನ್ನ ಪ್ರಬಂಧವನ್ನು ಯಾರೋ ಅದರ ನಂಬರಿನ ಜಾಗಕ್ಕೆ ಮರಳಿ ಇಟ್ಟಿರುತ್ತಾರೆ. ಆಚೀಚೆ ನೋಡಿ, ಅದನ್ನು ತೆಗೆದು ತಂದು ಮತ್ತೆ ಆ ಹಳೆಯದರ ಪಕ್ಕದಲ್ಲಿ ಇಟ್ಟು ಬರುತ್ತೇನೆ.